ಎಕ್ಸ್‌ತ್ರೆಮದೂರಾ: ಮೊದಲು ನೆಲ, ಆಮೇಲೆ ಊರು

ಓದುಗರ ಪ್ರಶ್ನೆ: ಬಾರ್ಸೆಲೋನಾ ಮತ್ತು ಮ್ಯಾಡ್ರಿಡ್ ನಗರಗಳನ್ನು ಈ ಹಿಂದೆ ನೋಡಿದ್ದೇವೆ. ಬರುವ ಏಪ್ರಿಲ್ ಆರಂಭದಲ್ಲಿ ಅರವತ್ತೈದು ದಾಟಿದ ತಂದೆ-ತಾಯಿಯರೊಡನೆ ಬೆಂಗಳೂರಿನಿಂದ ನಾಲ್ವರು ಮತ್ತೆ ಸ್ಪೇನಿಗೆ ಹೊರಟಿದ್ದೇವೆ. ಕೈಯಲ್ಲಿ ಎಂಟು ರಾತ್ರಿಗಳಿವೆ. ಜನಜಂಗುಳಿಯಿಲ್ಲದೆ ಹಳೆಯ ಊರುಗಳೂ ನಿಸರ್ಗವೂ ಒಟ್ಟಿಗೆ ಸಿಗುವ ಪ್ರಾಂತ್ಯವೆಂದು ಎಕ್ಸ್‌ತ್ರೆಮದೂರಾದ ಹೆಸರನ್ನು ಕೇಳಿದ್ದೇವೆ. ಅಲ್ಲಿಗೆ ಹೋಗುವುದು ಸೂಕ್ತವೇ? ಯಾವ ಊರುಗಳನ್ನು ಯಾವ ಕ್ರಮದಲ್ಲಿ ನೋಡಬೇಕು? ರೈಲಿನಲ್ಲಿ ಸುತ್ತಬಹುದೇ? ನಾವೆಲ್ಲರೂ ಸಸ್ಯಾಹಾರಿಗಳು.

ಉತ್ತರ: ಅವಶ್ಯವಾಗಿ ಹೋಗಿ. ಆದರೆ ಕಾಸೆರೆಸ್, ತ್ರುಹಿಯೋ, ಮೆರಿದಾ ಎಂದು ಊರುಗಳ ಪಟ್ಟಿ ಮಾಡಿಕೊಂಡು ಒಂದರಿಂದ ಇನ್ನೊಂದಕ್ಕೆ ಹೆದ್ದಾರಿಯಲ್ಲಿ ಓಡುವ ಪ್ರವಾಸವನ್ನು ಮಾಡಬೇಡಿ. ಪೋರ್ಚುಗಲ್ ಗಡಿಗೆ ಅಂಟಿಕೊಂಡಿರುವ ಈ ಪ್ರಾಂತ್ಯದಲ್ಲಿ ಎರಡೇ ಜಿಲ್ಲೆಗಳಿವೆ, ಬಾದಾಹೋಸ್ ಮತ್ತು ಕಾಸೆರೆಸ್. ವಿಸ್ತೀರ್ಣದಲ್ಲಿ ಅವು ಸ್ಪೇನಿನ ಮೊದಲ ಮತ್ತು ಎರಡನೆಯ ಅತಿ ದೊಡ್ಡ ಜಿಲ್ಲೆಗಳು. ಒಟ್ಟು ಸುಮಾರು 41,600 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟು ನೆಲದಲ್ಲಿ ವಾಸಿಸುವವರು ಹತ್ತೂವರೆ ಲಕ್ಷದಷ್ಟು ಜನ ಮಾತ್ರ. ಇಷ್ಟು ಖಾಲಿಯಾದ ನಾಡಿನ ನಡುವೆ ಅಷ್ಟೊಂದು ಅರಮನೆಗಳೇಕೆ ಎಂಬ ಪ್ರಶ್ನೆ ನಿಮಗೆ ಮೊದಲ ದಿನವೇ ಹುಟ್ಟಬೇಕು. ಅದಕ್ಕೆ ಉತ್ತರ ಊರೊಳಗಿನ ಫಲಕಗಳಲ್ಲಿ ಸಿಗುವುದಿಲ್ಲ, ಊರಾಚೆಯ ಮಣ್ಣಿನಲ್ಲಿ ಸಿಗುತ್ತದೆ.

ಆ ಮಣ್ಣು ತೆಳು. ಗ್ವಾದಿಯಾನಾ ನದಿಯ ಬಯಲನ್ನೂ, ದಕ್ಷಿಣದ ದ್ರಾಕ್ಷಿ ಸೀಮೆಯನ್ನೂ ಬಿಟ್ಟರೆ ಪ್ರಾಂತ್ಯದ ಬಹುಭಾಗದಲ್ಲಿ ಸ್ಲೇಟು ಮತ್ತು ಗ್ರಾನೈಟ್ ಬಂಡೆಯ ಮೇಲೆ ಗೇಣುದ್ದದ ಆಮ್ಲೀಯ ಮಣ್ಣು ಹರಡಿಕೊಂಡಿದೆಯೇ ಹೊರತು ಉತ್ತು ಬಿತ್ತುವಷ್ಟು ಆಳವಿಲ್ಲ. ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಇಂಥ ನೆಲದಲ್ಲಿ ಬದುಕಲು ಜನ ಶತಮಾನಗಳ ಕಾಲ ರೂಢಿಸಿಕೊಂಡ ವ್ಯವಸ್ಥೆಯೇ ದೆಹೇಸಾ. ಮೂಲ ಕಾಡನ್ನು ಪೂರ್ತಿ ಕಡಿಯದೆ, ಎನ್‌ಸೀನಾ ಎಂಬ ನಿತ್ಯಹಸಿರು ಓಕ್ ಮರಗಳನ್ನೂ ಕಾರ್ಕ್ ಓಕ್ ಮರಗಳನ್ನೂ ದೂರ ದೂರಕ್ಕೆ ಉಳಿಸಿ, ನಡುವಿನ ಜಾಗವನ್ನು ಹುಲ್ಲುಗಾವಲಾಗಿ ಬಿಡುತ್ತಾರೆ. ದೂರದಿಂದ ಅದು ಯಾರೂ ಮುಟ್ಟದ ಕಾಡಿನಂತೆ ಕಾಣುತ್ತದೆ. ವಾಸ್ತವದಲ್ಲಿ ಪ್ರತಿ ಮರವೂ ಸವರಿ ಬೆಳೆಸಿದ್ದು, ಪ್ರತಿ ಮರಕ್ಕೂ ಲೆಕ್ಕವಿದೆ. ಕಾರ್ಕ್ ಮರದ ತೊಗಟೆಯನ್ನು ಸುಮಾರು ಒಂಬತ್ತು ವರ್ಷಗಳಿಗೊಮ್ಮೆ ಮಾತ್ರ ಸುಲಿಯುತ್ತಾರೆ. ಸುಲಿದ ಕಾಂಡ ಕೆಂಪಗೆ ಕಾಣುತ್ತದೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿಯಿದ್ದರೆ ಅದು ಸುಲಿದ ವರ್ಷದ ಕೊನೆಯ ಅಂಕಿ. ಅಕ್ಟೋಬರ್‌ನಿಂದ ಚಳಿಗಾಲದ ಕೊನೆಯವರೆಗೆ ಉದುರುವ ಓಕ್ ಕಾಯಿಗಳನ್ನು ಕಪ್ಪು ಐಬೀರಿಯನ್ ಹಂದಿಗಳು ಮೇಯುತ್ತವೆ. ಅದೇ ತಿಂಗಳುಗಳಲ್ಲಿ ಉತ್ತರ ಯೂರೋಪಿನಿಂದ ಬರುವ ಲಕ್ಷದಷ್ಟು ಕ್ರೌಂಚ ಪಕ್ಷಿಗಳು ಕೂಡ ಇದೇ ಕಾಯಿಗಳನ್ನೂ ಗದ್ದೆಗಳಲ್ಲಿ ಉಳಿದ ಕಾಳನ್ನೂ ತಿಂದು ಚಳಿಗಾಲ ಕಳೆಯುತ್ತವೆ. ಏಪ್ರಿಲ್ ವೇಳೆಗೆ ಅವು ಮರಳಿರುತ್ತವೆ, ನಿಮಗೆ ಸಿಗುವುದಿಲ್ಲ. ಬದಲಿಗೆ ಆಗ ದೆಹೇಸಾದ ಹುಲ್ಲು ಹಸಿರಾಗಿರುತ್ತದೆ, ನೆಲವೆಲ್ಲ ಹೂವಾಗಿರುತ್ತದೆ. ಜೂನ್ ಬರುವಷ್ಟರಲ್ಲಿ ಇದೇ ಜಾಗ ಒಣಗಿ ಹಳದಿಯಾಗುತ್ತದೆ. ನಿಮ್ಮ ತಿಂಗಳ ಆಯ್ಕೆ ಚೆನ್ನಾಗಿದೆ.

ಬೇಸಾಯಕ್ಕೆ ಒಲ್ಲದ ನೆಲ ಕುರಿಗೆ ಒಪ್ಪುತ್ತದೆ. 13ನೆಯ ಶತಮಾನದಲ್ಲಿ ಕ್ರೈಸ್ತ ರಾಜರು ಈ ಸೀಮೆಯನ್ನು ಮುಸ್ಲಿಂ ಆಡಳಿತದಿಂದ ಗೆದ್ದುಕೊಂಡಾಗ (ಕಾಸೆರೆಸ್ ಅವರ ಕೈಸೇರಿದ್ದು 1229ರಲ್ಲಿ, ಮೆರಿದಾ 1230ರಲ್ಲಿ) ವಿಶಾಲವಾದ ಭೂಭಾಗಗಳು ಸಾಂತಿಯಾಗೋ ಮತ್ತು ಅಲ್ಕಾಂತರಾ ಎಂಬ ಯೋಧ-ಸನ್ಯಾಸಿಗಳ ಸಂಘಗಳಿಗೂ ಕೆಲವೇ ಶ್ರೀಮಂತ ಮನೆತನಗಳಿಗೂ ಹೋದವು. 1273ರಲ್ಲಿ ಹತ್ತನೆಯ ಅಲ್ಫೋನ್ಸೋ ದೊರೆ ಕುರಿ ಒಡೆಯರ ಒಕ್ಕೂಟವಾದ ಮೆಸ್ತಾಕ್ಕೆ ವಿಶೇಷ ಹಕ್ಕುಗಳನ್ನು ಕೊಟ್ಟ. ಅಲ್ಲಿಂದ ಮುಂದೆ ಆರು ಶತಮಾನಗಳ ಹತ್ತಿರ, 1836ರವರೆಗೆ, ಉತ್ತರದ ಬೆಟ್ಟಗಳಲ್ಲಿ ಬೇಸಿಗೆ ಕಳೆದ ಮೆರಿನೋ ಮಂದೆಗಳು ಚಳಿಗಾಲಕ್ಕೆ ಎಕ್ಸ್‌ತ್ರೆಮದೂರಾಕ್ಕೆ ಇಳಿದು ಬರುತ್ತಿದ್ದವು. ಆ ಮಂದೆಗಳ ರಾಜಮಾರ್ಗಗಳು ಸುಮಾರು 75 ಮೀಟರ್ ಅಗಲದವು, ಇಂದಿಗೂ ಕಾನೂನಿನ ರಕ್ಷಣೆಯಲ್ಲಿವೆ. ಹೆದ್ದಾರಿಯ ಪಕ್ಕದಲ್ಲಿ ಅಡ್ಡಬೇಲಿಯಿಲ್ಲದ ಅಗಲವಾದ ಹುಲ್ಲಿನ ಪಟ್ಟಿಯೊಂದು ಕಂಡು, ಅದರ ಮಗ್ಗುಲಲ್ಲಿ ‘ಕನ್ಯಾದಾ’ ಎಂಬ ಫಲಕವಿದ್ದರೆ ಇಳಿದು ಹತ್ತು ನಿಮಿಷ ನಡೆಯಿರಿ. ಉಣ್ಣೆಯ ಲಾಭ ಮಾತ್ರ ಇಲ್ಲಿನ ಸಾಮಾನ್ಯರಿಗೆ ದಕ್ಕಲಿಲ್ಲ. ಆಸ್ತಿ ದೊಡ್ಡಮಗನಿಗೆ, ಹುಲ್ಲುಗಾವಲು ಒಡೆಯನಿಗೆ. ಮಿಕ್ಕ ಗಂಡುಮಕ್ಕಳಿಗೆ ಉಳಿದದ್ದು ಕತ್ತಿ ಅಥವಾ ಹಡಗು. ಪೆರುವನ್ನು ಗೆದ್ದ ಪಿಸಾರೋ, ಮೆಕ್ಸಿಕೋವನ್ನು ಗೆದ್ದ ಕೊರ್ತೇಸ್, ಪನಾಮಾ ದಾಟಿ ಪೆಸಿಫಿಕ್ ಸಾಗರವನ್ನು ಕಂಡ ಬಾಲ್ಬೋವಾ, ಅಮೆಜಾನ್ ನದಿಯುದ್ದಕ್ಕೂ ಸಾಗಿದ ಒರೆಯಾನಾ, ಇವರೆಲ್ಲರೂ ಸಮುದ್ರವೇ ಇಲ್ಲದ ಈ ಒಂದೇ ಪ್ರಾಂತ್ಯದವರಾದುದು ಆಕಸ್ಮಿಕವಲ್ಲ. ಅವರೂ ಅವರ ಬಂಧುಗಳೂ ಅಮೆರಿಕದಿಂದ ತಂದ ಬೆಳ್ಳಿ-ಬಂಗಾರ ಮಣ್ಣಿಗೆ ಹೋಗಲಿಲ್ಲ, ಕಲ್ಲಿನ ಮುಖಮಂಟಪಗಳಿಗೆ ಹೋಯಿತು. ನೀವು ನೋಡಲಿರುವ ಊರುಗಳ ಹಿಂದಿನ ಕಥೆ ಇಷ್ಟು.

ಈಗ ದಾರಿ. ಮ್ಯಾಡ್ರಿಡ್‌ನಿಂದ ಹೊರಟು ಪ್ಲಾಸೆನ್ಸಿಯಾದಲ್ಲಿ ಎರಡು ರಾತ್ರಿ, ತ್ರುಹಿಯೋದಲ್ಲಿ ಮೂರು, ಕಾಸೆರೆಸ್‌ನಲ್ಲಿ ಎರಡು, ಮೆರಿದಾದಲ್ಲಿ ಒಂದು ರಾತ್ರಿ ತಂಗುವುದು ನನ್ನ ಸಲಹೆ. ಪ್ರವಾಸಿ ಸಂಸ್ಥೆಗಳು ಸಾಮಾನ್ಯವಾಗಿ ಕಾಸೆರೆಸ್‌ಗೆ ಹೆಚ್ಚು ದಿನ ಕೊಡುತ್ತವೆ. ತ್ರುಹಿಯೋವನ್ನು ನೆಲೆಯಾಗಿಟ್ಟುಕೊಂಡರೆ ನೆಲವೂ ಊರೂ ಎರಡೂ ಸಿಗುವುದರಿಂದ ನಾನು ಅದನ್ನೇ ಮೇಲಿಡುತ್ತೇನೆ.

ಪ್ಲಾಸೆನ್ಸಿಯಾ 1186ರಲ್ಲಿ ಎಂಟನೆಯ ಅಲ್ಫೋನ್ಸೋ ಸ್ಥಾಪಿಸಿದ ಕೋಟೆಯೂರು. ಅಲ್ಲಿ ಹಳೆಯ ಮತ್ತು ಹೊಸ ಕೆಥೆಡ್ರಲ್‌ಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡು ನಿಂತಿವೆ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಹೊರಟವರು ಅರ್ಧದಲ್ಲೇ ನಿಲ್ಲಿಸಿದ್ದರಿಂದ ಎರಡೂ ಉಳಿದವು. ಊರಿಗೆ ಅರ್ಧ ದಿನ ಸಾಕು. ಅಲ್ಲಿಂದ ಈಶಾನ್ಯಕ್ಕೆ ಹೆರ್ತೆ ಕಣಿವೆ ಇದೆ. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಅಡ್ಡಗೋಡೆ ಕಟ್ಟಿ ಮೆಟ್ಟಿಲು ಮಾಡಿ ನೆಟ್ಟ ಲಕ್ಷಾಂತರ ಚೆರ್ರಿ ಮರಗಳು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರಗಳವರೆಗೆ ಬಿಳಿಯಾಗುತ್ತವೆ. ಹೂ ಕಣಿವೆಯ ತಳದಲ್ಲಿ ಮೊದಲು ಅರಳಿ ಮೇಲಕ್ಕೆ ಹತ್ತುತ್ತದೆ. ಆದ್ದರಿಂದ ತಳದಲ್ಲಿ ಉದುರಿದ್ದರೆ ನಿರಾಶರಾಗದೆ ಮೇಲಿನ ಹಳ್ಳಿಗಳ ಕಡೆ ಹೋಗಿ. ವಾರಾಂತ್ಯದಲ್ಲಿ ಮಾತ್ರ ಹೋಗಬೇಡಿ, ಇಡೀ ಪ್ರವಾಸದಲ್ಲಿ ನಿಮಗೆ ವಾಹನಗಳ ಸಾಲು ಎದುರಾಗಬಹುದಾದ ಜಾಗ ಇದೊಂದೇ.

ಪಕ್ಕದ ಲಾ ವೆರಾ ಸೀಮೆಯಲ್ಲಿ ಯುಸ್ತೆ ಮಠವಿದೆ. ಅರ್ಧ ಯೂರೋಪನ್ನೂ ಅಮೆರಿಕದ ದೊಡ್ಡ ಭಾಗವನ್ನೂ ಆಳಿದ ಐದನೆಯ ಚಾರ್ಲ್ಸ್ ಚಕ್ರವರ್ತಿ ಸಿಂಹಾಸನ ತ್ಯಜಿಸಿ 1557ರಲ್ಲಿ ಇಲ್ಲಿಗೆ ಬಂದು, 1558ರ ಸೆಪ್ಟೆಂಬರ್‌ನಲ್ಲಿ ಮಲೇರಿಯಾದಿಂದ ತೀರಿಕೊಂಡ. ಅವನ ಮನೆ ಅರಮನೆಯಲ್ಲ, ಮಠದ ಚರ್ಚಿಗೆ ಒತ್ತಿ ಕಟ್ಟಿದ ಕೆಲವು ಕೋಣೆಗಳು ಮಾತ್ರ. ಕೀಲುವಾತದಿಂದ ನಡೆಯಲಾಗದ ಅವನಿಗಾಗಿ ಹೊರಗಿನಿಂದ ಇಳಿಜಾರು ದಾರಿ ಮಾಡಿದ್ದಾರೆ; ಮಂಚದಲ್ಲಿ ಮಲಗಿದ್ದಲ್ಲಿಂದಲೇ ಪೂಜಾವೇದಿಕೆ ಕಾಣುವಂತೆ ಗೋಡೆ ತೆರೆದಿದ್ದಾರೆ. ಅವನ ಮಗ ಎರಡನೆಯ ಫಿಲಿಪ್ ದೇಹವನ್ನು ಆಮೇಲೆ ಮ್ಯಾಡ್ರಿಡ್ ಬಳಿಯ ಎಲ್ ಎಸ್ಕೋರಿಯಾಲ್ ಎಂಬ ಅರಮನೆ-ಮಠಕ್ಕೆ ಒಯ್ದ.

ಲಾ ವೆರಾದ ಇನ್ನೊಂದು ಸಂಗತಿ ನಮ್ಮ ಅಡುಗೆಮನೆಗೆ ನೇರವಾಗಿ ತಾಗುತ್ತದೆ. ಕೊಲಂಬಸನ ಯಾನಗಳ ನಂತರ ಅಮೆರಿಕದಿಂದ ಸ್ಪೇನಿಗೆ ಬಂದ ಮೆಣಸಿನಕಾಯಿ ಈ ಸೀಮೆಯ ಮಠದ ತೋಟಗಳಲ್ಲಿ ಬೇರೂರಿತೆಂದು ಇಲ್ಲಿನವರು ಹೇಳುತ್ತಾರೆ. ಅದೇ ಗಿಡ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೂ ಬಂದು ಕ್ರಮೇಣ ಬ್ಯಾಡಗಿಯವರೆಗೆ ತಲುಪಿತು. ನಮ್ಮಲ್ಲಿ ಬಿಸಿಲಿದೆ, ಹಣ್ಣುಮೆಣಸನ್ನು ಕಣದಲ್ಲಿ ಒಣಗಿಸಿದರೆ ಸಾಕು. ಲಾ ವೆರಾದಲ್ಲಿ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯುವುದರಿಂದ, ಅಟ್ಟವಿರುವ ಗುಡಿಸಲಿನ ಕೆಳಗೆ ಓಕ್ ಕಟ್ಟಿಗೆಯ ಹೊಗೆಯೆಬ್ಬಿಸಿ, ಮೇಲೆ ಹರಡಿದ ಕಾಯಿಗಳನ್ನು ದಿನವೂ ಕೈಯಿಂದ ತಿರುವಿ ಎರಡು ವಾರದ ಹತ್ತಿರ ಒಣಗಿಸುತ್ತಾರೆ. ಹೊಗೆಯ ವಾಸನೆ ಹಿಡಿದ ಆ ಕೆಂಪು ಪುಡಿಯೇ ಪಿಮೆಂತೋನ್. ಸಿಹಿ, ಮಧ್ಯಮ, ಖಾರ ಎಂದು ಮೂರು ಬಗೆಯಿದೆ. ಅವರ ಖಾರ ನಮಗೆ ಖಾರವೆನಿಸುವುದಿಲ್ಲ. ಹರಾಯಿಸ್ ದೆ ಲಾ ವೆರಾ ಎಂಬ ಊರಿನಲ್ಲಿ ಇದಕ್ಕೊಂದು ಪುಟ್ಟ ವಸ್ತುಸಂಗ್ರಹಾಲಯವೂ ಇದೆ.

ಪ್ಲಾಸೆನ್ಸಿಯಾದಿಂದ ತ್ರುಹಿಯೋಗೆ ಹೋಗುವ ದಿನ ದೊಡ್ಡ ಹೆದ್ದಾರಿ ಹಿಡಿಯದೆ ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನದ ನಡುವೆ ಸಾಗುವ ಸಣ್ಣ ರಸ್ತೆಯನ್ನೇ ಹಿಡಿಯಿರಿ, ದಾರಿಗೆ ಇಡೀ ದಿನ ಕೊಡಿ. ತಾಹೋ ಮತ್ತು ತಿಯೇತಾರ್ ನದಿಗಳು ಸೇರುವ ಈ ಬೆಟ್ಟಸಾಲಿಗೆ 2007ರಲ್ಲಿ ರಾಷ್ಟ್ರೀಯ ಉದ್ಯಾನದ ಸ್ಥಾನ ಸಿಕ್ಕಿತು. ಅದಕ್ಕೂ ಮುಂಚೆ, ಕಳೆದ ಶತಮಾನದ ಎಪ್ಪತ್ತರ ದಶಕದವರೆಗೆ, ಇಲ್ಲಿನ ಇಳಿಜಾರುಗಳನ್ನು ಬೋಳಿಸಿ ಕಾಗದದ ತಿರುಳಿಗಾಗಿ ನೀಲಗಿರಿ ನೆಡಲಾಗುತ್ತಿತ್ತು. ಮಲೆನಾಡಿನ ನೀಲಗಿರಿ ತೋಪುಗಳನ್ನು ಕಂಡವರಿಗೆ ಅದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ನಿಸರ್ಗಪ್ರಿಯರ ಹೋರಾಟದಿಂದ 1979ರಲ್ಲಿ ರಕ್ಷಣೆ ದೊರೆತ ಮೇಲೆ ಸ್ಥಳೀಯ ಕಾಡು ಮರಳಿತು. ‘ಸಾಲ್ತೋ ದೆಲ್ ಹಿತಾನೋ’ ಎಂಬ ರಸ್ತೆಬದಿಯ ವೀಕ್ಷಣಾ ಕಟ್ಟೆಯಲ್ಲಿ ನಿಂತರೆ ಎದುರಿನ ಕಡಿದಾದ ಬಂಡೆಯಲ್ಲಿ ಗ್ರಿಫನ್ ರಣಹದ್ದುಗಳು ಗೂಡು ಕಟ್ಟಿರುವುದು, ಬಿಸಿಗಾಳಿ ಏಳುತ್ತಿದ್ದಂತೆ ನಿಮ್ಮ ಕಣ್ಣಿನ ಮಟ್ಟದಲ್ಲೇ ತೇಲುವುದು ಕಾಣುತ್ತದೆ. ಕಪ್ಪು ರಣಹದ್ದು, ಈಜಿಪ್ಟಿನ ರಣಹದ್ದು, ಕಪ್ಪು ಕೊಕ್ಕರೆ, ಮತ್ತು ಅದೃಷ್ಟವಿದ್ದರೆ ಸ್ಪೇನಿನ ರಾಜಹದ್ದು ಇಲ್ಲಿವೆ. ರಣಹದ್ದನ್ನೇ ನೋಡಲು ಬಂದವರು ರಾಮನಗರದ ರಾಮದೇವರ ಬೆಟ್ಟದಲ್ಲಿ ಅಳಿದುಳಿದವನ್ನು ಹುಡುಕುವ ನಾಡಿನಿಂದ ಬಂದವರಾಗಿದ್ದರೆ, ಈ ದೃಶ್ಯ ಬೇರೆಯೇ ತೂಕ ಪಡೆಯುತ್ತದೆ. ಕಟ್ಟೆ ರಸ್ತೆಗೇ ತಾಗಿರುವುದರಿಂದ ನಿಮ್ಮ ತಂದೆ-ತಾಯಿಯರಿಗೆ ಹತ್ತುವ ಶ್ರಮವಿಲ್ಲ. ದುರ್ಬೀನು ಮರೆಯಬೇಡಿ, ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ಅಲ್ಲಿರಿ.

ತ್ರುಹಿಯೋ ಗ್ರಾನೈಟ್ ಗುಡ್ಡದ ಮೇಲಿನ ಊರು. ಮೇಲೆ ಅರಬ್ಬರ ಕಾಲದ ಕೋಟೆ, ಕೆಳಗೆ ದೊಡ್ಡ ಚೌಕ. ಚೌಕದ ನಡುವೆ ಕುದುರೆಯೇರಿದ ಪಿಸಾರೋ ಪ್ರತಿಮೆಯಿದೆ; ಅದು 1929ರಲ್ಲಿ ನಿಂತದ್ದು, ರೂಪಿಸಿದವನು ಅಮೆರಿಕದ ಶಿಲ್ಪಿ ಚಾರ್ಲ್ಸ್ ರಮ್ಸಿ. ಎಲ್ಲರೂ ಅಲ್ಲಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನೀವು ಚೌಕದ ಮೂಲೆಯ ‘ವಿಜಯದ ಅರಮನೆ’ಯ ಮುಂದೆ ನಿಂತು ಕೋನದ ಬಾಲ್ಕನಿಯನ್ನು ನಿಧಾನವಾಗಿ ನೋಡಿ. ಅದನ್ನು ಕಟ್ಟಿಸಿದವರು ಪಿಸಾರೋನ ತಮ್ಮ ಎರ್ನಾಂದೋ ಮತ್ತು ಅವನ ಹೆಂಡತಿ ಫ್ರಾನ್ಸಿಸ್ಕಾ. ಈ ಫ್ರಾನ್ಸಿಸ್ಕಾ ಪಿಸಾರೋನಿಗೆ ಇಂಕಾ ರಾಜಕುಮಾರಿಯಲ್ಲಿ ಹುಟ್ಟಿದ ಮಗಳು, ಅಂದರೆ ಎರ್ನಾಂದೋನ ಅಣ್ಣನ ಮಗಳೇ. ಬಾಲ್ಕನಿಯ ಬದಿಗಳಲ್ಲಿ ಈ ನಾಲ್ವರ ಮುಖಗಳಿವೆ. ಮೇಲಿನ ಲಾಂಛನದಲ್ಲಿ ಸಂಕೋಲೆಗೆ ಸಿಕ್ಕ ಇಂಕಾ ನಾಯಕರಿದ್ದಾರೆ. ಗೆದ್ದವನೂ ಗೆಲ್ಲಲ್ಪಟ್ಟವಳೂ ಒಂದೇ ಗೋಡೆಯಲ್ಲಿ, ಗೆಲುವಿನ ಹೆಮ್ಮೆಯೊಡನೆ. ಇದನ್ನು ಮೆಚ್ಚಬೇಕೇ, ಮುಖ ತಿರುಗಿಸಬೇಕೇ ಎಂದು ನನ್ನನ್ನು ಕೇಳಿದವರಿದ್ದಾರೆ. ಎರಡೂ ಬೇಡ, ಸರಿಯಾಗಿ ನೋಡಿ ಎಂದೇ ನನ್ನ ಉತ್ತರ. ಅಮೆರಿಕದ ಸಂಪತ್ತು ಯಾವ ಬೆಲೆಗೆ ಬಂತು ಎಂಬುದನ್ನು ಕಟ್ಟಿಸಿದವರೇ ಮುಚ್ಚುಮರೆಯಿಲ್ಲದೆ ಕೆತ್ತಿಸಿಟ್ಟಿದ್ದಾರೆ. ಸಂಜೆ ಕೋಟೆಯ ಗೋಡೆಯಿಂದ ನಾಲ್ಕೂ ದಿಕ್ಕಿಗೆ ನೋಡಿದರೆ ಆ ಸಂಪತ್ತಿನ ಒಂದು ಕಾಸೂ ತಲುಪದ ಬಯಲು ಕಾಣುತ್ತದೆ.

ಇಲ್ಲಿಂದ ಒಂದು ದಿನ ಗ್ವಾದಲೂಪೆಗೆ ಹೋಗಿಬನ್ನಿ. ಸುಮಾರು 80 ಕಿಲೋಮೀಟರಿನ ಬೆಟ್ಟದ ದಾರಿ. ಅಂಕುಡೊಂಕು ಇರುವುದರಿಂದ ತಿರುವಿನಲ್ಲಿ ವಾಕರಿಕೆಯಾಗುವವರು ಎಚ್ಚರ. ಮಠದಲ್ಲಿರುವ ಕಪ್ಪು ಬಣ್ಣದ ಮಾತೆ ಮೇರಿಯ ವಿಗ್ರಹಕ್ಕೆ ಶತಮಾನಗಳಿಂದ ಯಾತ್ರಿಕರು ಬರುತ್ತಿದ್ದಾರೆ. ಕೊಲಂಬಸ್ ಮೊದಲ ಯಾನದ ಹರಕೆ ತೀರಿಸಲು 1493ರಲ್ಲಿ ಇಲ್ಲಿಗೆ ಬಂದ, ಕೆರಿಬಿಯನ್ನಿನ ದ್ವೀಪವೊಂದಕ್ಕೆ ಈ ಮಠದ ಹೆಸರಿಟ್ಟ. ಒಳಗೆ ಮುದೇಹಾರ್ (ಕ್ರೈಸ್ತ ಆಡಳಿತದಲ್ಲೂ ಮುಂದುವರಿದ ಮುಸ್ಲಿಂ ಕಟ್ಟಡಶೈಲಿ) ಶೈಲಿಯ ಇಟ್ಟಿಗೆಯ ಅಂಗಳ ಮತ್ತು ಪೂಜಾಸಾಮಗ್ರಿ ಕೋಣೆಯಲ್ಲಿರುವ ಸುರ್ಬರಾನ್‌ನ ಎಂಟು ಚಿತ್ರಗಳನ್ನು ನೋಡಬೇಕು. ಸುರ್ಬರಾನ್ ಇದೇ ಪ್ರಾಂತ್ಯದಲ್ಲಿ 1598ರಲ್ಲಿ ಹುಟ್ಟಿದವನು, ಆ ಚಿತ್ರಗಳು ತಾವು ನೇತುಬಿದ್ದ ಗೋಡೆಗಾಗಿಯೇ ಬರೆದವು. ಒಳಭಾಗವನ್ನು ಮಾರ್ಗದರ್ಶಕರೊಂದಿಗೆ ಮಾತ್ರ ನೋಡಬಹುದು.

ಕಾಸೆರೆಸ್‌ನ ಹಳೆಯ ಊರು 1986ರಿಂದ ಯುನೆಸ್ಕೋ ವಿಶ್ವಪರಂಪರೆಯ ತಾಣ. ಗೋಡೆಯೊಳಗೆ ಕಾಲಿಟ್ಟರೆ ಅಂಗಡಿಯ ಹೆಸರುಫಲಕವೂ ಅಪರೂಪ. ಕಲ್ಲಿನ ಮನೆಗಳು, ಕುಲಲಾಂಛನಗಳು, ಗೋಪುರಗಳು. ಗೋಪುರಗಳ ತಲೆ ಬಹುತೇಕ ಮೊಟಕಾಗಿರುವುದನ್ನು ಗಮನಿಸಿ. ಇಲ್ಲಿನ ಶ್ರೀಮಂತ ಮನೆತನಗಳು ಪರಸ್ಪರ ಹೊಡೆದಾಡಲು ಅವನ್ನು ಬಳಸುತ್ತಿದ್ದುದರಿಂದ 15ನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಇಸಬೆಲ್ಲಾ ರಾಣಿ ಅವುಗಳ ತುದಿ ಕೆಡವಲು ಆಜ್ಞೆ ಮಾಡಿದಳು. ತನ್ನ ಪಕ್ಷದಲ್ಲಿದ್ದ ದಳಪತಿಯೊಬ್ಬನ ‘ಕೊಕ್ಕರೆಗಳ ಗೋಪುರ’ವನ್ನು ಮಾತ್ರ ಬಿಟ್ಟಳು. ತೊಲೆದೋ-ಮೊಕ್ತೆಸುಮಾ ಅರಮನೆಯೂ ತ್ರುಹಿಯೋದ ಕಥೆಯ ಇನ್ನೊಂದು ಅಧ್ಯಾಯ: ಅಜ್ಟೆಕ್ ಚಕ್ರವರ್ತಿ ಮೊಕ್ತೆಸುಮಾನ ಮಗಳನ್ನು ಮದುವೆಯಾದ ಕಾಸೆರೆಸ್‌ನ ಯೋಧನ ವಂಶಜರದು ಅದು, ಈಗ ಜಿಲ್ಲಾ ಪತ್ರಾಗಾರ. ವೆಲೇತಾಸ್ ಅರಮನೆಯ ಕೆಳಗಿರುವ ಅರಬ್ಬರ ಕಾಲದ ನೀರಿನ ತೊಟ್ಟಿ ನನ್ನ ದೃಷ್ಟಿಯಲ್ಲಿ ಊರಿನ ಅತ್ಯುತ್ತಮ ಕಟ್ಟಡ. ಲಾಳಾಕಾರದ ಕಮಾನುಗಳ ಕೆಳಗೆ ಇಂದಿಗೂ ಮಳೆನೀರು ಸೇರುತ್ತದೆ. ಹೋಗುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಕಲ್ಲುಹಾಸಿನ ಏರುದಾರಿಗಳಿರುವುದರಿಂದ ಹಿರಿಯರಿಗೆ ರಬ್ಬರ್ ಅಟ್ಟೆಯ ಬೂಟು ಬೇಕು.

ಕಾಸೆರೆಸ್‌ನ ಎರಡನೆಯ ದಿನ ಊರು ಬಿಟ್ಟು ಪಶ್ಚಿಮಕ್ಕೆ ಹೊರಡಿ. ಮೊದಲು ಹತ್ತಿರದ ಲೋಸ್ ಬಾರ್ರುವೇಕೋಸ್. ಹಂಪಿಯನ್ನು ಕಂಡವರಿಗೆ ಇಲ್ಲಿನ ದುಂಡು ಗ್ರಾನೈಟ್ ಬಂಡೆಗಳು ಹೊಸದಲ್ಲ. ಹೊಸದೆಂದರೆ ಕೆರೆಯಂಚಿನ ಆ ಬಂಡೆಗಳ ನೆತ್ತಿಯ ಮೇಲೆ ಬಿಳಿ ಕೊಕ್ಕರೆಗಳು ಕಟ್ಟಿದ ದೊಡ್ಡ ಗೂಡುಗಳು. ಪಕ್ಕದಲ್ಲಿ ಹಿಂದೆ ಉಣ್ಣೆ ತೊಳೆಯುತ್ತಿದ್ದ ಕಟ್ಟಡವಿದೆ, ಈಗ ಅದು ಜರ್ಮನ್ ಕಲಾವಿದ ವೋಲ್ಫ್ ಫೋಸ್ಟೆಲ್ 1976ರಲ್ಲಿ ಸ್ಥಾಪಿಸಿದ ಕಲಾಸಂಗ್ರಹಾಲಯ. ಅಲ್ಲಿಂದ ಅಲ್ಕಾಂತರಾ. ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 104ರಿಂದ 106ರ ನಡುವೆ ತಾಹೋ ನದಿಗೆ ಕಟ್ಟಿದ ಆರು ಕಮಾನುಗಳ ಸೇತುವೆಯ ಶಿಲ್ಪಿ ಗಾಯುಸ್ ಜೂಲಿಯಸ್ ಲಾಸೆರ್. ಲೋಕವಿರುವಷ್ಟು ಕಾಲ ನಿಲ್ಲುವ ಸೇತುವೆ ಕಟ್ಟಿದ್ದೇನೆಂದು ಶಾಸನ ಬರೆಸಿದ್ದಾನೆ. ಯುದ್ಧಗಳಲ್ಲಿ ಕಮಾನುಗಳು ಮುರಿದು ಮತ್ತೆ ಕಟ್ಟಲ್ಪಟ್ಟವು, ಆದರೆ ಅವನ ಮಾತು ಇನ್ನೂ ಸುಳ್ಳಾಗಿಲ್ಲ.

ಮೆರಿದಾ ಪ್ರಾಂತ್ಯದ ರಾಜಧಾನಿ. ಕ್ರಿ.ಪೂ. 25ರಲ್ಲಿ ಆಗಸ್ಟಸ್ ನಿವೃತ್ತ ಸೈನಿಕರಿಗಾಗಿ ಕಟ್ಟಿಸಿದ ಊರು ಲುಸಿತಾನಿಯಾ ಎಂಬ ರೋಮನ್ ಪ್ರಾಂತ್ಯದ ರಾಜಧಾನಿಯಾಗಿ ಬೆಳೆಯಿತು. ರಂಗಮಂದಿರ, ಗ್ವಾದಿಯಾನಾದ ಮೇಲಿನ ಸುಮಾರು 790 ಮೀಟರಿನ ಸೇತುವೆ, ಇಟ್ಟಿಗೆ-ಗ್ರಾನೈಟ್ ಪಟ್ಟಿಗಳ ಕಾಲುವೆ, ಎಲ್ಲವೂ ಒಂದು ದಿನದಲ್ಲಿ ಮುಗಿಯುತ್ತವೆ. ಅವುಗಳಿಗಿಂತ ಹೆಚ್ಚು ಹೊತ್ತನ್ನು ರಾಫಾಯೆಲ್ ಮೊನೇಯೋ ವಿನ್ಯಾಸದ ರೋಮನ್ ಕಲಾ ಸಂಗ್ರಹಾಲಯಕ್ಕೆ ಕೊಡಿ. 1986ರಲ್ಲಿ ತೆರೆದ ಆ ಇಟ್ಟಿಗೆ ಕಟ್ಟಡ ಹಳೆಯದನ್ನು ಅನುಕರಿಸದೆಯೇ ಅದರ ಗಾತ್ರವನ್ನು ಅರ್ಥ ಮಾಡಿಸುತ್ತದೆ.

ರೈಲಿನ ಪ್ರಶ್ನೆಗೆ ಬಂದರೆ: ಮ್ಯಾಡ್ರಿಡ್‌ನಿಂದ ಪ್ಲಾಸೆನ್ಸಿಯಾ, ಕಾಸೆರೆಸ್, ಮೆರಿದಾಗಳಿಗೆ ರೈಲಿದೆ, 2022ರಿಂದ ಅದು ಮೊದಲಿಗಿಂತ ವೇಗವಾಗಿದೆ. ಆದರೆ ತ್ರುಹಿಯೋಗೂ ಗ್ವಾದಲೂಪೆಗೂ ರೈಲಿಲ್ಲ, ದೆಹೇಸಾದ ನಡುವೆ ನಿಲ್ಲಿಸಿ ಎನ್ನಲು ಬಸ್ಸಿಗೂ ಆಗುವುದಿಲ್ಲ. ಕಾರು ಬಾಡಿಗೆಗೆ ತೆಗೆದುಕೊಳ್ಳಿ. ಭಾರತದ ಪರವಾನಗಿಯ ಜೊತೆ ಅಂತಾರಾಷ್ಟ್ರೀಯ ಚಾಲನಾ ಅನುಮತಿಪತ್ರವನ್ನು ಹೊರಡುವ ಮೊದಲೇ ನಿಮ್ಮ ಸಾರಿಗೆ ಕಚೇರಿಯಿಂದ ಪಡೆದುಕೊಳ್ಳಿ, ಮತ್ತು ಕಾರನ್ನು ಹಳೆಯ ಊರಿನ ಗೋಡೆಯ ಹೊರಗೆ ಬಿಡಿ.

ಊಟದ ವಿಷಯದಲ್ಲಿ ಸ್ಪಷ್ಟವಾಗಿರುವುದು ಒಳ್ಳೆಯದು: ಹಂದಿ ಸಾಕಣೆಯೇ ಹೆಮ್ಮೆಯಾದ ಪ್ರಾಂತ್ಯವಿದು. ‘ಮಾಂಸ ಬೇಡ’ ಎಂದರೆ ಸಾಲದು, ಸಣ್ಣಗೆ ಹೆಚ್ಚಿದ ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ) ಅನ್ನು ಹಲವರು ಮಾಂಸದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೋ’ (ಮಾಂಸ, ಹಾಮೋನ್, ಮೀನು ಇಲ್ಲದೆ) ಎಂದು ಮೂರನ್ನೂ ಹೇಳಿ. ಮಿಗಾಸ್ ಎಂಬ ಬ್ರೆಡ್ಡಿನ ಒಗ್ಗರಣೆಯಲ್ಲೂ ಸಾಮಾನ್ಯವಾಗಿ ಹಂದಿಮಾಂಸವಿರುತ್ತದೆ, ಬೇಕರಿಯ ಪೆರ್ರುನೀಯಾ ಬಿಸ್ಕತ್ತುಗಳಲ್ಲಿ ಹಂದಿಯ ಕೊಬ್ಬಿರುತ್ತದೆ. ಸುಟ್ಟ ದೊಣ್ಣೆಮೆಣಸಿನ ಸಲಾಡ್, ಗಾಸ್ಪಾಚೋ ಎಂಬ ತಣ್ಣನೆಯ ತರಕಾರಿ ಸೂಪು, ಮೊಟ್ಟೆ ತಿನ್ನುವವರಿಗೆ ತೊರ್ತೀಯಾ ಎಂಬ ಆಲೂಗಡ್ಡೆಯ ಆಮ್ಲೆಟ್ ಸಿಗುತ್ತವೆ. ಸಸ್ಯಾಹಾರಿಗಳಿಗೆ ಇಲ್ಲಿ ಅನಿರೀಕ್ಷಿತ ಲಾಭವೂ ಇದೆ: ಯೂರೋಪಿನ ಹಲವು ಗಿಣ್ಣು(ಚೀಸ್)ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರಸ ಬಳಸಿದರೆ, ಕಾಸೆರೆಸ್ ಬಳಿಯ ತೋರ್ತಾ ದೆಲ್ ಕಾಸಾರ್ ಗಿಣ್ಣನ್ನು ಕುರಿಯ ಹಾಲಿಗೆ ಕಾಡು ಮುಳ್ಳುಗಿಡವೊಂದರ ಹೂವಿನ ರಸ ಬೆರೆಸಿ ಮಾಡುತ್ತಾರೆ. ಮೇಲಿನ ಸಿಪ್ಪೆ ಕತ್ತರಿಸಿ ಒಳಗಿನ ಮೆತ್ತನೆಯ ತಿರುಳನ್ನು ಬ್ರೆಡ್ಡಿಗೆ ಸವರಿ ತಿನ್ನಬೇಕು. ವಾಸನೆ ಜೋರು, ಮೊದಲು ಸಣ್ಣದನ್ನೇ ಕೊಳ್ಳಿ. ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತಕ್ಕೆ; ಹಿರಿಯರಿಗೆ ಏಳಕ್ಕೇ ಹಸಿವಾದರೆ ಅಡುಗೆಮನೆಯಿರುವ ವಸತಿಯೇ ಅನುಕೂಲ.

ಕೊನೆಯದಾಗಿ ದಿನಾಂಕ. ಈಸ್ಟರ್ ವಾರ ಕೆಲವು ವರ್ಷ ಏಪ್ರಿಲ್ ಆರಂಭಕ್ಕೇ ಬೀಳುತ್ತದೆ. ಆಗ ಕಾಸೆರೆಸ್‌ನಲ್ಲಿ ಮೆರವಣಿಗೆಗಳು ನಡೆಯುತ್ತವೆ, ಕೋಣೆಗಳು ಬೇಗ ಮುಗಿಯುತ್ತವೆ. ಮೊದಲೇ ಕಾಯ್ದಿರಿಸಿ. ಯಾವುದಾದರೂ ಕಾರಣಕ್ಕೆ ಒಂದು ರಾತ್ರಿ ಕಡಿಮೆಯಾದರೆ ಗ್ವಾದಲೂಪೆಯನ್ನು ಬಿಡಿ. ಎರಡು ಕಡಿಮೆಯಾದರೆ, ರೋಮನ್ ಅವಶೇಷಗಳನ್ನು ಬೇರೆಲ್ಲಾದರೂ ನೋಡಬಹುದಾದ್ದರಿಂದ ಮೆರಿದಾವನ್ನೂ ಬಿಡಿ. ಮೊನ್‌ಫ್ರಾಗ್ವೆಯ ರಸ್ತೆಯನ್ನು ಮತ್ತು ತ್ರುಹಿಯೋದಲ್ಲಿ ಉಳಿಯುವ ಎರಡು ರಾತ್ರಿಗಳನ್ನು ಮಾತ್ರ ಕಡಿತ ಮಾಡಬೇಡಿ.